ಹಚ್ಚೆಯ ಜಗಳ, ಸೂಜಿಯ ಮರೆವು

ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಅಜ್ಜಿಯ ಮುಂಗೈ ಹಚ್ಚೆಗೆ ಯಾರದೂ ಆಕ್ಷೇಪವಿಲ್ಲ. ಮೊಮ್ಮಗ ಬೆಳಗಾವಿಯಲ್ಲಿ ಹಾಕಿಸಿಕೊಂಡು ಬಂದರೆ ಮನೆಯಲ್ಲಿ ರಂಪ. ಕೂಸಿನ ಕಿವಿ ಚುಚ್ಚಿಸುವುದು ಶುಭಕಾರ್ಯ, ಮಗಳು ಹುಬ್ಬು ಚುಚ್ಚಿಸಿಕೊಂಡರೆ ಅಪರಾಧ! ಸೂಜಿಗೆ ಈ ಭೇದ ತಿಳಿಯದು. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರನ್ನು ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದು. ಅದಕ್ಕೆ ಲಸಿಕೆಯುಂಟು, ಹೆಪಟೈಟಿಸ್ ಸಿ-ಗೆ ಇಲ್ಲ.

ಆದ್ದರಿಂದ ಜಾತ್ರೆಯಿರಲಿ, ಅಂಗಡಿಯಿರಲಿ, ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಬಣ್ಣವೂ ಬೇರೆಯವರಿಗೆ ಬಳಸಿದ್ದಾಗಬಾರದು. ಗಾಯ ಬಾತು ಕೀವಾದರೆ ಅರಿಶಿನ ಹಚ್ಚಿ ಕಾಯದೆ ವೈದ್ಯರಿಗೆ ತೋರಿಸಿ. ಮುಂದಿನ 12 ತಿಂಗಳು ರಕ್ತದಾನ ಬೇಡ. ಮಕ್ಕಳನ್ನು ಗದರುವ ಮುನ್ನ ಇಷ್ಟು ಕೇಳಿ: "ಸೂಜಿ ಹೊಸಾದು ಇತ್ತೇನಪಾ?"