ಸಿಗ್ರಿಡ್ ಉಂಡ್‌ಸೆಟ್: ಲೇಖನಿ ಮತ್ತು ಮನಸ್ಸಾಕ್ಷಿ

ಪರರ ಸಂಕಟಕ್ಕಾಗಿ ನೊಬೆಲ್ ಪದಕವನ್ನೇ ತ್ಯಜಿಸಿದ ಲೇಖಕಿಯೊಬ್ಬರನ್ನು ಈ ವಾರ ಸ್ಮರಿಸೋಣ. 1882ರಲ್ಲಿ ಡೆನ್ಮಾರ್ಕಿನಲ್ಲಿ ಜನಿಸಿ ನಾರ್ವೆಯಲ್ಲಿ ಬೆಳೆದ ಸಿಗ್ರಿಡ್ ಉಂಡ್‌ಸೆಟ್ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಹತ್ತು ವರ್ಷ ಕಚೇರಿಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಬರೆದರು. ಹದಿನಾಲ್ಕನೆಯ ಶತಮಾನದ ಹೆಣ್ಣೊಬ್ಬಳ ಪಾಪ, ಪಶ್ಚಾತ್ತಾಪಗಳನ್ನು ನಿರೂಪಿಸುವ ‘ಕ್ರಿಸ್ಟಿನ್ ಲಾವ್ರಾನ್ಸ್‌ದಾತರ್’ ಕಾದಂಬರಿತ್ರಯವು 1920-22ರಲ್ಲಿ ಪ್ರಕಟವಾಯಿತು. ಲೂಥರನ್ ನಾಡಿನ ಟೀಕೆಗೆ ಅಂಜದೆ, 1924ರ ಸಕಲ ಸಂತರ ಹಬ್ಬದಂದು ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. 1928ರ ನೊಬೆಲ್ ಬಹುಮಾನದ ಹಣವನ್ನು ದಾನವಿತ್ತರು.

ಹಿಟ್ಲರನನ್ನು ಖಂಡಿಸಿದ್ದಕ್ಕಾಗಿ ಜರ್ಮನಿಯಲ್ಲಿ ಅವರ ಪುಸ್ತಕಗಳು ನಿಷೇಧಕ್ಕೊಳಗಾದವು. 1940ರ ಜನವರಿಯಲ್ಲಿ ಫಿನ್ಲೆಂಡಿನ ನೆರವಿಗೆಂದು ಪದಕವನ್ನು ಅರ್ಪಿಸಿದರು. ಏಪ್ರಿಲ್‌ನಲ್ಲಿ ನಾಜಿ ಸೇನೆಯೊಡನೆ ಹೋರಾಡುತ್ತ ಹಿರಿಯ ಮಗ ಮಡಿದನು. ಅಮೆರಿಕದಲ್ಲಿ ಆಶ್ರಯ ಪಡೆದ ಈ ತಾಯಿ, ಅಲ್ಲಿಂದಲೇ ಯೆಹೂದ್ಯರ ಪರವಾಗಿ ದನಿಯೆತ್ತಿದರು.

1945ರಲ್ಲಿ ಅವರು ಇಡೀ ಜರ್ಮನ್ ಜನತೆಯನ್ನೇ ದೂಷಿಸಿ ಬರೆದಾಗ, ಒಂದು ಜನಾಂಗವನ್ನು ಸಾರಾಸಗಟಾಗಿ ಖಂಡಿಸುವುದು ಸಲ್ಲದೆಂದು ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಉತ್ತರವಿತ್ತರು. ಪುತ್ರಶೋಕವನ್ನು ಅಳೆಯಲು ನಾವು ಯಾರು? ಆದರೂ ಯಾಸ್ಪರ್ಸರ ಮಾತನ್ನು ನಾವು ಅಲ್ಲಗಳೆಯಲಾರೆವು. ಮಾನವನ ಘನತೆ ದೇವರ ಪ್ರತಿರೂಪದಿಂದ ಬಂದುದಾದರೆ, ಅದು ಶತ್ರುವಿಗೂ ಉಂಟು. 1949ರಲ್ಲಿ ನಿಧನರಾದ ಉಂಡ್‌ಸೆಟ್ಟರ ಧೈರ್ಯವನ್ನು ಅನುಸರಿಸೋಣ. ಒಬ್ಬನ ತಪ್ಪಿಗೆ ಅವನ ಕುಲವನ್ನೆಲ್ಲ ಹಳಿಯುವ ನಾಲಿಗೆಯನ್ನು ನಮ್ಮ ಮನೆಗಳಲ್ಲಿ ತಡೆಯೋಣ.