ಪಾನನಿರೋಧದ ಹಗಲು-ಇರುಳು

ನ್ಯೂಯಾರ್ಕ್ ನಗರದ ಹಳೆಯ ಛಾಯಾಚಿತ್ರವೊಂದಿದೆ, ಸುಮಾರು ೧೯೨೧ರದು. ಅಧಿಕಾರಿಗಳು ಪೀಪಾಯಿಯನ್ನು ಬಾಗಿಸಿ ಮದ್ಯವನ್ನು ಚರಂಡಿಗೆ ಸುರಿಯುತ್ತಿದ್ದಾರೆ. ಉಪ ಪೊಲೀಸ್ ಕಮಿಷನರ್ ಜಾನ್ ಲೀಚ್ ಬಲಗಡೆ ನಿಂತು ನೋಡುತ್ತಿದ್ದಾರೆ. ೧೯೨೦ರ ಜನವರಿ ೧೭ರಂದು ಅಮೆರಿಕದಾದ್ಯಂತ ಜಾರಿಗೆ ಬಂದ ಪಾನನಿರೋಧದ ಹಗಲಿನ ಮುಖವಿದು.

ಇರುಳಿನ ಮುಖವೇ ಬೇರೆ. ಗುಪ್ತ ಪಾನಗೃಹಗಳಲ್ಲಿ ಕಳ್ಳಮದ್ಯ ಹರಿಯುತ್ತಿತ್ತು. ಅದರೊಡನೆ ಜಾಝ್ ಸಂಗೀತವೂ ಮೊಳಗುತ್ತಿತ್ತು. ಹಾರ್ಲೆಮ್ಮಿನ ಪ್ರಖ್ಯಾತ ಕಾಟನ್ ಕ್ಲಬ್ಬಿನ ಒಡೆಯ ಓನಿ ಮ್ಯಾಡನ್ ಸ್ವತಃ ಕಳ್ಳಮದ್ಯದ ವ್ಯಾಪಾರಿ. ೧೯೨೭ರ ಡಿಸೆಂಬರಿನಲ್ಲಿ ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದ ಅಲ್ಲಿ ನುಡಿಸತೊಡಗಿತು. ರೇಡಿಯೋ ಆ ನಾದವನ್ನು ದೇಶಕ್ಕೆಲ್ಲ ಮುಟ್ಟಿಸಿತು.

ಆ ವಾದ್ಯವೃಂದದ ಚಿತ್ರಗಳಲ್ಲಿ ಕಾಣುವವರು ಕಪ್ಪು ಜನಾಂಗದ ಕಲಾವಿದರು. ಚಿತ್ರದ ಚೌಕಟ್ಟಿನಾಚೆ, ಮೇಜುಗಳ ಸುತ್ತ ಕುಳಿತು ಆಲಿಸುತ್ತಿದ್ದವರು ಬಿಳಿಯರು. ಕಲಾವಿದರ ಬಂಧುಬಳಗಕ್ಕೆ ಅತಿಥಿಗಳಾಗಿ ಅಲ್ಲಿ ಪ್ರವೇಶವಿರಲಿಲ್ಲ. ಮದ್ಯ ಮಾರಾಟವನ್ನು ತಡೆಯುವ ದೇಶದ ಶಾಸನವನ್ನು ಇರುಳಿರುಳೂ ಮುರಿದ ಆ ಮನೆಯಲ್ಲಿ ಬಣ್ಣದ ಕಟ್ಟಳೆ ಮಾತ್ರ ಬಿಗಿಯಾಗಿ ಉಳಿದಿತ್ತು!

೧೯೩೩ರ ಡಿಸೆಂಬರ್ ೫ರಂದು ಪಾನನಿರೋಧ ರದ್ದಾಯಿತು. ಮದ್ಯಕ್ಕೆ ಮುಂಬಾಗಿಲು ತೆರೆಯಿತು. ಆದರೆ ಹೋಟೆಲು, ನಾಟಕಶಾಲೆ, ವಿನೋದಗೃಹಗಳಲ್ಲಿ ವರ್ಣಭೇದವನ್ನು ದೇಶಾದ್ಯಂತ ನಿಷೇಧಿಸುವ ಶಾಸನ ಬಂದದ್ದು ೧೯೬೪ರಲ್ಲಿ. ಮದ್ಯಕ್ಕೆ ದೊರೆತ ಬಿಡುಗಡೆ ಮನುಷ್ಯರಿಗೆ ದೊರೆಯಲು ಮತ್ತೆ ಮೂವತ್ತು ವರ್ಷ ಬೇಕಾಯಿತು.