ಕಾಫಿ ಅಂಗಡಿಯ ಗಾಜಿನ ಪೆಟ್ಟಿಗೆ

1996ರಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ, ಒಂದು ಲೋಟ ಕಾಫಿಗೆ ಇಷ್ಟು ದುಡ್ಡೇ ಎಂದು ನಕ್ಕವರು ನಾವು. ಈಗ ಕೊಯಮತ್ತೂರಿನ ನಡುಪೇಟೆಯಲ್ಲೂ ಅಂಥ ಅಂಗಡಿಗಳಿವೆ. ತಿರುಪ್ಪೂರಿನ ಬನಿಯನ್ ವ್ಯಾಪಾರಿಗಳನ್ನು ನಮ್ಮ ಮಗ ಅಲ್ಲಿಗೇ ಕರೆದೊಯ್ಯುತ್ತಾನೆ. ನಮ್ಮ ಮಾತುಕತೆಯೆಲ್ಲ ಅನ್ನಪೂರ್ಣದ ಡಬರಾ ಕಾಫಿಯಲ್ಲಿ ಮುಗಿಯುತ್ತಿತ್ತು; ಶುದ್ಧ ಸಸ್ಯಾಹಾರಿ, ಏನನ್ನೂ ವಿಚಾರಿಸುವ ಪ್ರಮೇಯವಿರಲಿಲ್ಲ.

ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮೊಟ್ಟೆ ಹಾಕಿದ್ದೂ ಹಾಕದ್ದೂ ಅಕ್ಕಪಕ್ಕ. ಕಳೆದ ತಿಂಗಳು ಜೊತೆಗೆ ಬಂದಿದ್ದ ಎಂಟು ವರ್ಷದ ಮೊಮ್ಮಗಳು ಕೇಕಿನ ತಟ್ಟೆ ಮುಂದಿಟ್ಟುಕೊಂಡು, “ಅಜ್ಜಾ, ಇದರಲ್ಲಿ ಮೊಟ್ಟೆ ಇದೆಯಾ?” ಎಂದಳು. ಕೆಲಸದ ಹುಡುಗ ಒಳಗೆ ಹೋಗಿ ಕೇಳಿ ಬಂದು ಹೌದೆಂದ. ಮಗು ತಟ್ಟೆ ಸರಿಸಿತು. ವ್ಯಾಪಾರಿಯ ಎದುರು ಮಗನಿಗೆ ಮುಜುಗರ, ನಮಗಂತೂ ಇಲ್ಲ. ಆ ವ್ಯಾಪಾರಿ ನಗುತ್ತ ತಮಗೂ ಬರೀ ಕಾಫಿ ಸಾಕೆಂದರು. ದರವೂ ಅಲ್ಲೇ ಕುದುರಿತು.